ಹತ್ತು ಕಿಲೋಮೀಟರಿನ ರೇಡಿಯೊ: ಸಮುದಾಯ ಬಾನುಲಿ ನಡೆಯುವ ಬಗೆ

ಸಮುದಾಯ ಬಾನುಲಿ ಎಂದ ಕೂಡಲೇ ಅನೇಕರಿಗೆ ಅದು ಸಣ್ಣದೊಂದು ಆಕಾಶವಾಣಿ, ಇಲ್ಲವೇ ದುಡ್ಡಿಲ್ಲದವರ ಎಫ್‌ಎಂ ಚಾನೆಲ್ ಎನಿಸುತ್ತದೆ. ಎರಡೂ ಸರಿಯಲ್ಲ. ಆಕಾಶವಾಣಿ ಇಡೀ ಜಿಲ್ಲೆಗೆ, ರಾಜ್ಯಕ್ಕೆ ಮಾತಾಡುತ್ತದೆ. ಖಾಸಗಿ ಎಫ್‌ಎಂ ಜಾಹೀರಾತುದಾರರಿಗಾಗಿ ಕೇಳುಗರನ್ನು ಕೂಡಿಹಾಕುತ್ತದೆ. ಸಮುದಾಯ ಬಾನುಲಿ ಎಂದರೆ ಸಂಸ್ಥೆಯೊಂದು ಲಾಭಕ್ಕಲ್ಲದೆ, ಸುತ್ತಲಿನ ಊರುಗಳವರಿಗಾಗಿ ಅವರನ್ನೇ ಸೇರಿಸಿಕೊಂಡು ನಡೆಸುವ ರೇಡಿಯೊ. ಅದರ ದನಿ ಹೋಗುವುದು ಹೆಚ್ಚೆಂದರೆ ಹತ್ತು ಹದಿನೈದು ಕಿಲೋಮೀಟರ್: ಒಂದೆರಡು ಹೋಬಳಿ, ಹತ್ತಾರು ಹಳ್ಳಿ, ಒಂದು ವಾರದ ಸಂತೆ. ಅಷ್ಟರೊಳಗೆ ಮಾತಾಡುವವರಿಗೂ ಕೇಳುವವರಿಗೂ ಮುಖಪರಿಚಯ ಇರುತ್ತದೆ. ಈ ಚಿಕ್ಕತನವನ್ನು ಕೊರತೆ ಎಂದುಕೊಂಡ ನಿಲಯಗಳು ಪಟ್ಟಣದ ಚಾನೆಲ್ಲುಗಳನ್ನು ಅನುಕರಿಸುತ್ತಾ ಸೊರಗುತ್ತವೆ. ಅದೇ ಬಂಡವಾಳ ಎಂದು ತಿಳಿದವು ನಿಲ್ಲುತ್ತವೆ. ಕಾನೂನು, ಯಂತ್ರ, ಜನ ಮೂರನ್ನೂ ಜೊತೆಗಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಕರ್ನಾಟಕಕ್ಕೆ ಸಣ್ಣ ರೇಡಿಯೊದ ನಂಟು ಹಳೆಯದು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದ್ದರು. ಮುಂದೆ ಅದು ಮೈಸೂರು ಸಂಸ್ಥಾನದ ಕೈಗೆ ಹೋಗಿ, ಸ್ವಾತಂತ್ರ್ಯಾನಂತರ ದೇಶದ ಆಕಾಶವಾಣಿ ಜಾಲದೊಳಗೆ ಸೇರಿತು. ಆಮೇಲೆ ದಶಕಗಳ ಕಾಲ ರೇಡಿಯೊ ಸರ್ಕಾರದ ಸ್ವತ್ತಾಗಿಯೇ ಇತ್ತು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಕ್ರಿಕೆಟ್ ಪಂದ್ಯಗಳ ಪ್ರಸಾರ ಹಕ್ಕಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ, ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದು ಹೇಳಿತು. ಆದರೂ ಬಾಗಿಲು ತೆರೆದದ್ದು ನಿಧಾನವಾಗಿ. ಮೊದಲು ಶಿಕ್ಷಣ ಸಂಸ್ಥೆಗಳಿಗಷ್ಟೇ ಅವಕಾಶ ಸಿಕ್ಕಿತು. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ನಿಲಯ ಶುರುವಾಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ಅನುಮತಿ ಕೊಡುವ ನೀತಿ ಬಂದದ್ದು 2006ರ ನವೆಂಬರಿನಲ್ಲಿ. ಆ ನೀತಿಯಡಿ 2008ರ ಅಕ್ಟೋಬರಿನಲ್ಲಿ, ನಮ್ಮ ಬೀದರ್ ಗಡಿಗೆ ಹತ್ತಿರವಿರುವ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳೇ ನಡೆಸುವ ಸಂಘಂ ರೇಡಿಯೊ ಪ್ರಸಾರ ಆರಂಭಿಸಿತು.

ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಷ್ಟು ದಿನ ಕಾಯಲಿಲ್ಲ. ಪರವಾನಗಿ ಸಿಗದ ಕಾಲದಲ್ಲಿ, 2003ರಲ್ಲೇ, ‘ನಮ್ಮ ಧ್ವನಿ’ ಹೆಸರಿನಲ್ಲಿ ಕಾರ್ಯಕ್ರಮ ಮಾಡಿ ಊರಿನ ಟಿವಿ ಕೇಬಲಿನ ಮೂಲಕ ಮನೆಮನೆಗೆ ಕೇಳಿಸಿದರು. ಟವರ್ ಇಲ್ಲದೆಯೂ ಸಮುದಾಯ ಬಾನುಲಿ ಇರಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಟವರ್ ಮಾತ್ರ ಇದ್ದು ಸಮುದಾಯ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಅನುಮತಿ ಯಾರಿಗೆ, ಯಾವುದಕ್ಕೆ

ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ ಮತ್ತು ಅವುಗಳ ಅಂಗಸಂಸ್ಥೆಗಳಿಗೆ, ಲಾಭಕ್ಕಾಗಿ ನಡೆಯುವ ಕಂಪನಿಗಳಿಗೆ ಪರವಾನಗಿ ಇಲ್ಲ. ಕನಿಷ್ಠ ಮೂರು ವರ್ಷ ಆ ಭಾಗದ ಜನರ ನಡುವೆ ಕೆಲಸ ಮಾಡಿದ ನೋಂದಾಯಿತ ಸಂಸ್ಥೆ, ಶಿಕ್ಷಣ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯ ಅಥವಾ ಕೃಷಿ ವಿಜ್ಞಾನ ಕೇಂದ್ರ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಈ ಎಲ್ಲ ಬಗೆಯವೂ ಇವೆ: ಧಾರವಾಡದ ಕೃಷಿ ವಿಶ್ವವಿದ್ಯಾಲಯದ ನಿಲಯ, ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ರೇಡಿಯೊ ಸಾರಂಗ್, ಕಲಬುರಗಿಯ ಅಂತರ್ವಾಣಿ, ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಜನಧ್ವನಿ.

ಅರ್ಜಿ ಹೋಗುವುದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ. ಗೃಹ, ರಕ್ಷಣೆ ಮುಂತಾದ ಇಲಾಖೆಗಳ ಒಪ್ಪಿಗೆ, ದೂರಸಂಪರ್ಕ ಇಲಾಖೆಯಿಂದ ತರಂಗಾಂತರ ಹಂಚಿಕೆ, ಕಂಬದ ಜಾಗಕ್ಕೆ ಅನುಮತಿ, ಸರ್ಕಾರದೊಂದಿಗೆ ಒಪ್ಪಂದ, ಕೊನೆಗೆ ಯಂತ್ರ ಚಾಲೂ ಮಾಡುವ ವೈರ್‌ಲೆಸ್ ಪರವಾನಗಿ: ಇಷ್ಟು ಮೆಟ್ಟಿಲು. ಇದಕ್ಕೆ ತಿಂಗಳುಗಳಲ್ಲ, ವರ್ಷವೇ ಹಿಡಿಯಬಹುದು. ಅರ್ಜಿಯಲ್ಲಿ ಕಂಬ ನಿಲ್ಲುವ ಜಾಗದ ಅಕ್ಷಾಂಶ ರೇಖಾಂಶ ತಪ್ಪಾದರೆ ಕಡತ ಹಿಂದಕ್ಕೆ ಬರುತ್ತದೆ. ಕಚೇರಿಯ ವಿಳಾಸದ ಅಂಕಿ ಹಾಕಿ ಕಂಬವನ್ನು ಆಮೇಲೆ ಬೇರೆ ಹೊಲದಲ್ಲಿ ನಿಲ್ಲಿಸಿದರೂ ತೊಂದರೆಯೇ. ಜಾಗ ಮೊದಲು ಗಟ್ಟಿಯಾಗಲಿ, ಅರ್ಜಿ ಆಮೇಲೆ.

ನಿಯಮಗಳಲ್ಲಿ ನಿತ್ಯದ ಕೆಲಸಕ್ಕೆ ತಾಗುವಂಥವು ಕೆಲವು. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಆ ಊರಿನವರ ಪಾಲ್ಗೊಳ್ಳುವಿಕೆಯಿಂದ ಅಲ್ಲೇ ತಯಾರಾಗಬೇಕು; ಭಾಷೆ ಆದಷ್ಟೂ ಸ್ಥಳೀಯವೇ ಆಗಿರಬೇಕು. ಪ್ರಸಾರವಾದ ಎಲ್ಲವನ್ನೂ ಮೂರು ತಿಂಗಳು ಕಾಪಾಡಿಡಬೇಕು. ಕಾರ್ಯಕ್ರಮಗಳ ಬಗ್ಗೆ ಸಲಹಾ ಸಮಿತಿ ಇರಬೇಕು, 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಅದರಲ್ಲಿ ಅರ್ಧದಷ್ಟು ಹೆಂಗಸರಿರಬೇಕು.

ಸ್ವಂತ ಸುದ್ದಿ ಪ್ರಸಾರ ಮಾಡುವ ಹಾಗಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದಂತೆ ಮರುಪ್ರಸಾರ ಮಾಡಬಹುದು. ಇದನ್ನು ಕೇಳಿ ಹೆದರಿ ಎಷ್ಟೋ ನಿಲಯಗಳು ಊರಿನ ವಿಷಯ ಮಾತಾಡುವುದನ್ನೇ ಬಿಡುತ್ತವೆ. ಅಷ್ಟು ಹೆದರಬೇಕಿಲ್ಲ. ಕರೆಂಟು ಹೋಗುವ ವೇಳೆ, ನೀರು ಬಿಡುವ ದಿನ, ಹವಾಮಾನ, ಪರೀಕ್ಷೆ ಮತ್ತು ಶಾಲಾ ದಾಖಲಾತಿಯ ಮಾಹಿತಿ, ಜಾತ್ರೆ, ಊರಿನ ಪಂದ್ಯಾಟ, ರೋಗದ ಎಚ್ಚರಿಕೆ, ನೆರೆಯ ಮುನ್ಸೂಚನೆ ಇವೆಲ್ಲ ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. ಹಳ್ಳಿಯ ದಿನಚರಿಗೆ ಬೇಕಾದ ಮಾಹಿತಿಯಲ್ಲಿ ಬಹುಪಾಲು ಇದೇ. ಆದರೂ ಊರಿನವರು ತಮ್ಮ ಪಂಚಾಯಿತಿಯ ಸುದ್ದಿಯನ್ನು ತಾವೇ ಹೇಳಿಕೊಳ್ಳಲಾಗದ ಈ ನಿಷೇಧ ನ್ಯಾಯವಾದದ್ದಲ್ಲ. ಅದೇ ಸುದ್ದಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಸರಿಲ್ಲದವರಿಂದ ಹರಿದಾಡುತ್ತದೆ. ಪರವಾನಗಿ ಪಡೆದು, ಹೆಸರು ಹೇಳಿ, ಮೂರು ತಿಂಗಳ ದಾಖಲೆ ಇಟ್ಟು ಹೇಳುವವರಿಗೆ ಮಾತ್ರ ಅದು ಸಲ್ಲದು.

ಐವತ್ತು ವಾಟ್ ಎಲ್ಲಿಯವರೆಗೆ ಹೋಗುತ್ತದೆ

ಆಂಟೆನಾದಿಂದ ಹೊರಹೊಮ್ಮುವ ಪರಿಣಾಮಕಾರಿ ಶಕ್ತಿ 100 ವಾಟ್ ಮೀರಬಾರದು ಎಂಬುದು ಸಾಮಾನ್ಯ ಮಿತಿ. ಅದಕ್ಕಾಗಿ 50 ವಾಟ್‌ನ ಟ್ರಾನ್ಸ್‌ಮಿಟರ್, ಶಕ್ತಿಯನ್ನು ಸುಮಾರು ಎರಡರಷ್ಟು ಕೇಂದ್ರೀಕರಿಸುವ ಆಂಟೆನಾ. ಕಂಬದ ಎತ್ತರ ನೆಲದಿಂದ 15 ಮೀಟರಿಗಿಂತ ಕಡಿಮೆ ಇರಕೂಡದು, 30 ಮೀಟರ್ ದಾಟಕೂಡದು.

ಎಫ್‌ಎಂ ಅಲೆ ಬಹುಮಟ್ಟಿಗೆ ನೇರ ದಾರಿಯಲ್ಲಿ ಹೋಗುತ್ತದೆ. 90.4 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 3.3 ಮೀಟರ್, ಮರ, ಗೋಡೆಗಳನ್ನು ಒಂದಿಷ್ಟು ದಾಟುತ್ತದೆ, ಗುಡ್ಡವನ್ನು ದಾಟುವುದಿಲ್ಲ. ಹಾಗಾಗಿ ರಾಯಚೂರಿನ ಬಯಲಿನಲ್ಲಿ ಹದಿನೈದು ಕಿಲೋಮೀಟರ್ ಹೋಗುವ ಅದೇ ಯಂತ್ರ ತೀರ್ಥಹಳ್ಳಿಯ ಕಡೆ ಐದಕ್ಕೇ ನಿಂತರೆ ಆಶ್ಚರ್ಯವಿಲ್ಲ. ಜಾಗ ಆರಿಸುವಾಗ ಮಾಡಬಹುದಾದ ಸುಲಭ ಪರೀಕ್ಷೆ: ಕಂಬ ಬರುವಷ್ಟು ಎತ್ತರದ ನೀರಿನ ಟ್ಯಾಂಕೋ ಕಟ್ಟಡವೋ ಹತ್ತಿರದಲ್ಲಿದ್ದರೆ ಅದರ ಮೇಲೆ ಹತ್ತಿ, ಯಾವ್ಯಾವ ಊರಿನ ದೇವಸ್ಥಾನದ ಗೋಪುರ, ಮೊಬೈಲ್ ಟವರ್ ಕಣ್ಣಿಗೆ ಬೀಳುತ್ತದೆ ಎಂದು ಬರೆದುಕೊಳ್ಳುವುದು. ಕಣ್ಣಿಗೆ ಬಿದ್ದ ಊರಿಗೆ ದನಿ ಬಹುತೇಕ ತಲುಪುತ್ತದೆ. ಗುಡ್ಡದ ಹಿಂದೆ ಅಡಗಿದ ಊರಿಗೆ ಶಕ್ತಿ ಹೆಚ್ಚಿಸಿಯೂ ಹೆಚ್ಚು ಪ್ರಯೋಜನವಿಲ್ಲ. ಅಡೆತಡೆಯೇ ಇಲ್ಲದ ಬಯಲಿನಲ್ಲೂ ದೂರ ಇಮ್ಮಡಿಯಾಗಬೇಕಾದರೆ ಶಕ್ತಿ ನಾಲ್ಕು ಪಟ್ಟಾದರೂ ಬೇಕು. ಎತ್ತರದಲ್ಲಿ ಸಿಗುವ ಲಾಭ ವಾಟ್‌ನಲ್ಲಿ ಸಿಗುವುದಿಲ್ಲ.

ಬಹಳ ಕಡೆ ದನಿ ಸೋರಿಹೋಗುವುದು ಟ್ರಾನ್ಸ್‌ಮಿಟರಿನಲ್ಲಲ್ಲ, ಕೇಬಲಿನಲ್ಲಿ. ಟ್ರಾನ್ಸ್‌ಮಿಟರಿನಿಂದ ಆಂಟೆನಾವರೆಗೆ 40 ಮೀಟರ್ ಕೇಬಲ್ ಎಂದಿಟ್ಟುಕೊಳ್ಳಿ. ಅಗ್ಗಕ್ಕೆ ಸಿಗುವ ಆರ್‌ಜಿ-213 ಕೇಬಲ್ ಹಾಕಿದರೆ ಈ ತರಂಗಾಂತರದಲ್ಲಿ ಸುಮಾರು ಎರಡೂವರೆ ಡೆಸಿಬೆಲ್ ನಷ್ಟ. 50 ವಾಟ್‌ನಲ್ಲಿ ಆಂಟೆನಾಗೆ ಮುಟ್ಟುವುದು 28ರ ಆಸುಪಾಸು. ಅರ್ಧ ಇಂಚಿನ ಫೋಮ್ ಕೇಬಲ್ ಹಾಕಿದರೆ ನಷ್ಟ ಒಂದು ಡೆಸಿಬೆಲ್‌ನೊಳಗೆ ನಿಂತು 40 ವಾಟ್ ಮುಟ್ಟುತ್ತದೆ. ಟ್ರಾನ್ಸ್‌ಮಿಟರಿಗೆ ಲಕ್ಷಗಟ್ಟಲೆ ಕೊಟ್ಟು ಕೇಬಲಿನಲ್ಲಿ ಹಣ ಉಳಿಸುವುದು ತೀರಾ ಕೆಟ್ಟ ಉಳಿತಾಯ. ಕೀಲುಗಳಿಗೆ ಮಳೆನೀರು ಇಳಿಯದಂತೆ ತಾನಾಗಿ ಬೆಸೆಯುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಸಾಧಾರಣ ಟೇಪ್ ಸುತ್ತಬೇಕು. ಕೇಬಲ್ ಕಟ್ಟಡದೊಳಗೆ ಬರುವ ಮುನ್ನ ಕೆಳಕ್ಕೊಂದು ಬಾಗು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಟ್ರಾನ್ಸ್‌ಮಿಟರಿನ ಮುಖದ ಮೇಲೆ ಆಂಟೆನಾ ಕಡೆಗೆ ಹೋಗುವ ಶಕ್ತಿ, ಅಲ್ಲಿಂದ ಹಿಂತಿರುಗುವ ಶಕ್ತಿ ಎರಡೂ ಕಾಣುತ್ತವೆ. ಅದನ್ನು ದಿನಾ ಬೆಳಿಗ್ಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವ ರೂಢಿ ಬೇಕು. 50 ವಾಟ್ ಹೋಗಿ 2 ಹಿಂತಿರುಗಿದರೆ ಚಿಂತೆಯಿಲ್ಲ. ಅದು 5 ದಾಟಿದರೆ ಆಂಟೆನಾ ಸಡಿಲಾಗಿದೆ, ನೀರು ಹೊಕ್ಕಿದೆ ಅಥವಾ ಕೀಲು ತುಕ್ಕು ಹಿಡಿದಿದೆ. ಆಂಟೆನಾ ಜೋಡಿಸದೆ ಟ್ರಾನ್ಸ್‌ಮಿಟರ್ ಹಾಕಿದರಂತೂ ಹೋದ ಶಕ್ತಿಯೆಲ್ಲ ಹಿಂತಿರುಗುತ್ತದೆ, ರಕ್ಷಣಾ ಸರ್ಕಿಟ್ ಕೈಕೊಟ್ಟರೆ ಒಳಗಿನ ಟ್ರಾನ್ಸಿಸ್ಟರ್ ಸುಟ್ಟೇ ಹೋಗುತ್ತದೆ. ಹೊಸ ಸ್ವಯಂಸೇವಕರಿಗೆ ಮೈಕ್ ಹಿಡಿಯಲು ಕಲಿಸುವ ಮೊದಲು ಇದನ್ನು ಕಲಿಸಿ.

ಏಪ್ರಿಲ್, ಮೇ ತಿಂಗಳ ಸಿಡಿಲು ಇನ್ನೊಂದು ಶತ್ರು. ಕಂಬದ ತುದಿಯಲ್ಲಿ ಮಿಂಚು ಬಂಧಕ, ಅಲ್ಲಿಂದ ನೇರವಾಗಿ, ಚೂಪು ತಿರುವುಗಳಿಲ್ಲದೆ ಇಳಿಯುವ ತಾಮ್ರದ ಪಟ್ಟಿ, ಅದಕ್ಕೆ ಪ್ರತ್ಯೇಕ ಅರ್ಥಿಂಗ್ ಗುಂಡಿ ಇರಲಿ. ಅದರ ಪ್ರತಿರೋಧ 5 ಓಮ್‌ಗಿಂತ ಕಡಿಮೆ ಇದೆಯೇ ಎಂದು ಬೇಸಿಗೆಯ ನಡುವೆಯೇ ಅಳೆಸಬೇಕು. ಮಳೆಗಾಲದಲ್ಲಿ ಒದ್ದೆ ನೆಲ ಎಲ್ಲ ಗುಂಡಿಯನ್ನೂ ಚೆನ್ನಾಗಿದೆ ಎಂದೇ ತೋರಿಸುತ್ತದೆ. ಮುಂಗಾರಿಗೆ ಮುಂಚಿನ ಸಿಡಿಲು ಬೀಳುವುದು ಒಣ ನೆಲಕ್ಕೆ.

ಇನ್ನೊಂದು ಆಯ್ಕೆಯ ಬಗ್ಗೆ ಖಚಿತವಾಗಿ ಹೇಳಬಹುದು: ಮಾತೇ ಮುಖ್ಯವಾದ ನಿಲಯ, ಎಡ ಬಲಕ್ಕೆ ಬೇರೆ ಬೇರೆ ದನಿ ಕಳಿಸುವ ಸ್ಟೀರಿಯೊ ಬಿಟ್ಟು, ಎರಡಕ್ಕೂ ಒಂದೇ ದನಿಯ ಮೋನೊದಲ್ಲಿ ಪ್ರಸಾರ ಮಾಡಲಿ. ಸಿಗ್ನಲ್ ದುರ್ಬಲವಾದಾಗ ಸ್ಟೀರಿಯೊದಲ್ಲಿ ‘ಸೊಂಯ್’ ಸದ್ದು ವಿಪರೀತ ಹೆಚ್ಚುತ್ತದೆ. ಒಂದು ಗುಂಡಿ ಒತ್ತಿ ಮೋನೊ ಮಾಡಿದರೆ ಅಂಚಿನ ಹಳ್ಳಿಗಳಲ್ಲಿ ಅದೇ ದನಿ ಸ್ವಚ್ಛವಾಗಿ ಕೇಳುತ್ತದೆ. ನಯಾಪೈಸೆ ಖರ್ಚಿಲ್ಲದೆ ವ್ಯಾಪ್ತಿ ಹಿಗ್ಗಿಸುವ ದಾರಿ ಇದೊಂದೇ, ಆದರೂ ಎಷ್ಟೋ ಕಡೆ ಯಾರೂ ಆ ಗುಂಡಿ ಮುಟ್ಟಿರುವುದಿಲ್ಲ.

ಕೋಣೆ, ಮೈಕ್, ಸದ್ದು

ಸ್ಟುಡಿಯೊ ಎಂದರೆ ದುಬಾರಿ ಎಂಬ ಭಯ ಬೇಡ. ಹತ್ತು ಹನ್ನೆರಡು ಅಡಿಯ ಕೋಣೆ ಸಾಕು. ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಝಣ್ ಎಂಬ ಬಾಲ ಹಿಂದೆ ಬಂದರೆ ಗೋಡೆಗಳು ಸದ್ದನ್ನು ಎಸೆಯುತ್ತಿವೆ ಎಂದರ್ಥ. ಮೊಟ್ಟೆಯ ಟ್ರೇ ಅಂಟಿಸುವುದು ಹಳೆಯ ನಂಬಿಕೆ, ಅದರಿಂದ ಹೆಚ್ಚೇನೂ ಆಗದು, ಬೆಂಕಿಯ ಅಪಾಯ ಬೇರೆ. ಕುರುಬರ ದಪ್ಪ ಕಂಬಳಿಯನ್ನು ಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ತೂಗುಹಾಕಿದರೆ ಮಾತಿನ ಸದ್ದು ಚೆನ್ನಾಗಿ ಇಂಗುತ್ತದೆ. ಆ ನಾಲ್ಕು ಇಂಚಿನ ಖಾಲಿ ಜಾಗವೇ ಅರ್ಧ ಕೆಲಸ ಮಾಡುತ್ತದೆ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ. ತಗಡಿನ ಚಾವಣಿ ಮಾತ್ರ ಬೇಡ, ಮಳೆಗಾಲದಲ್ಲಿ ನಾಲ್ಕು ತಿಂಗಳು ಧ್ವನಿಮುದ್ರಣ ನಿಂತುಹೋಗುತ್ತದೆ.

ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿರಲಿ. ‘ಪ’, ‘ಭ’ ಅಕ್ಷರಗಳ ಗಾಳಿ ನೇರ ಬಡಿಯುವುದಿಲ್ಲ. ರೆಕಾರ್ಡಿಂಗಿನ ಶಿಖರ, ಅಂದರೆ ದನಿ ಅತಿ ಜೋರಾದ ಜಾಗ, ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿರಲಿ. ಕಡಿಮೆ ಬಂದ ದನಿಯನ್ನು ಏರಿಸಬಹುದು, ಒಡೆದ ದನಿಯನ್ನು ಸರಿಪಡಿಸುವ ವಿದ್ಯೆ ಇಲ್ಲ. ಹೊಲದಲ್ಲೋ ಜಗಲಿಯಲ್ಲೋ ಮಾತು ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಮಾತಾಡದೆ ಆ ಜಾಗದ ಬರಿಯ ಸದ್ದನ್ನು ಹಿಡಿದಿಡಿ. ಸಂಕಲನದಲ್ಲಿ ಎರಡು ಮಾತಿನ ನಡುವೆ ತೇಪೆ ಹಾಕಬೇಕಾದಾಗ ಅದು ಬೇಕಾಗುತ್ತದೆ. ಇಲ್ಲದಿದ್ದರೆ ಹಿನ್ನೆಲೆಯ ಗಾಳಿ, ಹಕ್ಕಿ ಥಟ್ಟನೆ ನಿಂತು ಥಟ್ಟನೆ ಶುರುವಾಗಿ ಕತ್ತರಿ ಬಿದ್ದದ್ದು ಎಲ್ಲರಿಗೂ ಗೊತ್ತಾಗುತ್ತದೆ.

ಮೂರು ತಿಂಗಳ ದಾಖಲೆಯ ನಿಯಮಕ್ಕೆ ಹೆದರಿ ದೊಡ್ಡ ಸರ್ವರ್ ಕೊಳ್ಳಬೇಕಾಗಿಲ್ಲ. ದಿನಕ್ಕೆ 8 ಗಂಟೆ ಪ್ರಸಾರವನ್ನು 64 ಕೆಬಿಪಿಎಸ್ ಎಂಪಿ3 ಆಗಿ ಉಳಿಸಿದರೆ ಗಂಟೆಗೆ 29 ಎಂಬಿ, ದಿನಕ್ಕೆ ಸುಮಾರು 230 ಎಂಬಿ, ತೊಂಬತ್ತು ದಿನಕ್ಕೆ 21 ಜಿಬಿ. ಒಂದು ಪೆನ್‌ಡ್ರೈವ್ ಅಷ್ಟೇ. ಆದರೆ ದಾಖಲಿಸುವ ಕಂಪ್ಯೂಟರ್, ಮೈಕ್ ಮುಂತಾದವುಗಳ ದನಿಯನ್ನು ಬೆರೆಸುವ ಮಿಕ್ಸರಿನಿಂದ ದನಿ ತೆಗೆದುಕೊಳ್ಳುವ ಬದಲು ಒಂದು ರೇಡಿಯೊ ಸೆಟ್‌ನಿಂದ ತೆಗೆದುಕೊಳ್ಳಲಿ. ಆಗ ನಿಜವಾಗಿ ಗಾಳಿಯಲ್ಲಿ ಹೋದದ್ದೇ ದಾಖಲಾಗುತ್ತದೆ, ಟ್ರಾನ್ಸ್‌ಮಿಟರ್ ನಿಂತಿದ್ದರೆ ಅದೂ ಗೊತ್ತಾಗುತ್ತದೆ.

ಪ್ರಸಾರದ ಹೊತ್ತು ತುಂಬಿಸುವುದು

ಹೊಸ ನಿಲಯಗಳು ಎಡವುವುದು ಇಲ್ಲೇ. ಉದ್ಘಾಟನೆಯ ಉತ್ಸಾಹದಲ್ಲಿ ದಿನಕ್ಕೆ ಹನ್ನೆರಡು ಗಂಟೆ ಪ್ರಸಾರ ಎಂದು ಘೋಷಿಸುತ್ತಾರೆ. ಹದಿನೈದು ನಿಮಿಷದ ಒಂದು ಒಳ್ಳೆಯ ಕಾರ್ಯಕ್ರಮಕ್ಕೆ ಹೋಗಿಬರುವುದು, ಮಾತಾಡಿಸುವುದು, ಕೇಳಿಸಿಕೊಂಡು ಕತ್ತರಿಸುವುದು ಎಲ್ಲ ಸೇರಿ ಒಬ್ಬರ ಪೂರಾ ದಿನ ಹಿಡಿಯುತ್ತದೆ. ನಾಲ್ಕು ಜನರ ತಂಡ ದಿನಕ್ಕೆ ಒಂದು ಗಂಟೆ ಹೊಸದು ಮಾಡಿದರೆ ಹೆಚ್ಚು. ಉಳಿದ ಹನ್ನೊಂದು ಗಂಟೆಗೆ ಎಲ್ಲಿಂದಲೋ ಬಂದ ರೆಕಾರ್ಡಿಂಗ್, ಸಿನಿಮಾ ಹಾಡು. ಸಿನಿಮಾ ಹಾಡಿಗೆ ರಾಯಧನ ಕಟ್ಟಬೇಕು; ಕಟ್ಟಿದರೂ ಆ ಹಾಡನ್ನು ಜನ ಫೋನಿನಲ್ಲಿ ಕೇಳಬಲ್ಲರು, ನಿಮ್ಮ ರೇಡಿಯೊ ಅವರಿಗೆ ಬೇಕಿಲ್ಲ. ಆರು ತಿಂಗಳಿಗೆ ಯಾರೂ ಕೇಳದ ನಿಲಯ ಸಿದ್ಧ. ಟವರ್ ಇದ್ದು ಸಮುದಾಯ ಇಲ್ಲದ ಸ್ಥಿತಿ ಎಂದರೆ ಇದು.

ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಯಿಂದ ಶುರು ಮಾಡುವುದು ಜಾಣತನ. ಅದರಲ್ಲಿ ಒಂದು ಗಂಟೆ ಹೊಸದು. ಸಂಜೆಯದ್ದು ಮರುದಿನ ಬೆಳಿಗ್ಗೆ ಮತ್ತೊಮ್ಮೆ. ಮರುಪ್ರಸಾರಕ್ಕೆ ಸಂಕೋಚ ಬೇಡ. ಹಾಲು ಕರೆಯುವವರು ಬೆಳಿಗ್ಗೆ ಕೇಳಿರುವುದಿಲ್ಲ, ಗಾರ್ಮೆಂಟ್ಸ್‌ಗೆ ಹೋಗುವವರು ಸಂಜೆ ತಡವಾಗಿ ಬರುತ್ತಾರೆ. ವೇಳಾಪಟ್ಟಿ ಮಾತ್ರ ಬದಲಾಗಬಾರದು. ಸೋಮವಾರ ಏಳು ಗಂಟೆಗೆ ದನಕರುಗಳ ವಿಷಯ ಎಂದರೆ ವರ್ಷವಿಡೀ ಸೋಮವಾರ ಏಳು ಗಂಟೆಗೇ ಬರಬೇಕು. ಅದಕ್ಕೂ ಮುನ್ನ ಕರೆಂಟಿನ ವೇಳೆ ತಿಳಿದುಕೊಳ್ಳಿ: ಟ್ರಾನ್ಸ್‌ಮಿಟರ್, ಮಿಕ್ಸರ್, ಕಂಪ್ಯೂಟರ್ ಸೇರಿ 500 ವಾಟ್‌ನೊಳಗೆ ಮುಗಿಯುತ್ತದೆ, ಇನ್ವರ್ಟರ್ ಮೇಲೆ ಎರಡು ಗಂಟೆ ನಡೆಸುವುದು ಕಷ್ಟವಲ್ಲ.

ಮಾತಾಡಿಸುವ ಕಲೆ ಯಂತ್ರಕ್ಕಿಂತ ಕಷ್ಟ. “ನಿಮ್ಮ ಅನುಭವ ಹಂಚಿಕೊಳ್ಳಿ” ಎಂದು ಮೈಕ್ ಮುಂದಿಟ್ಟರೆ ಎಂಥವರೂ ಸಭೆಯ ಭಾಷಣದ ಕನ್ನಡಕ್ಕೆ ಜಾರುತ್ತಾರೆ, ಇಲ್ಲವೇ ಬಾಯಿ ಕಟ್ಟಿ ಕೂರುತ್ತಾರೆ. “ಅಜ್ಜಿ, ಮಳೆ ತಡ ಆದ ವರ್ಷ ಬಿತ್ತನೆ ರಾಗಿ ಎಲ್ಲಿಂದ ತರ್ತಿದ್ರಿ?” ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ. ಗಟ್ಟಿ ಪ್ರಶ್ನೆಗೆ ಗಟ್ಟಿ ಉತ್ತರ. ಸಂಕಲನದಲ್ಲಿ ಕೆಮ್ಮು, ಮರುಕಳಿಕೆ ತೆಗೆಯಬಹುದು. ಯೋಚಿಸುವ ಮೌನವನ್ನು ತೆಗೆಯಬಾರದು. ಕೋಲಾರದ ಕನ್ನಡದಲ್ಲಿ ತೆಲುಗು ಬೆರೆತಿದ್ದರೆ, ಕಲಬುರಗಿಯದರಲ್ಲಿ ಉರ್ದು ಬೆರೆತಿದ್ದರೆ ಹಾಗೇ ಇರಲಿ. ನಿರೂಪಕರು ಬೆಂಗಳೂರಿನ ಎಫ್‌ಎಂ ದನಿಯನ್ನು ಅನುಕರಿಸತೊಡಗಿದ ದಿನವೇ ಕೇಳುಗರು ದೂರವಾಗತೊಡಗುತ್ತಾರೆ.

ಯಾರ ದನಿ ಬರುತ್ತಿದೆ ಎಂಬ ಲೆಕ್ಕವನ್ನೂ ಇಡಬೇಕು. ಪಂಚಾಯಿತಿ ಕಟ್ಟೆಯ ಮೇಲೇ ರೆಕಾರ್ಡ್ ಮಾಡಿದರೆ ಸಿಗುವವರು ಅಲ್ಲಿ ಕೂರಲು ಹಕ್ಕಿರುವವರು ಮಾತ್ರ: ಗಂಡಸರು, ಜಮೀನುಳ್ಳವರು, ಮೇಲುಜಾತಿಯವರು. ತಿಂಗಳ ಕೊನೆಗೆ ಮಾತಾಡಿದವರ ಪಟ್ಟಿ ತೆಗೆದು ಎಷ್ಟು ಹೆಂಗಸರು, ಯಾವ ಕೇರಿಯವರು, ಯಾವ ಹಳ್ಳಿಯವರು ಎಂದು ಎಣಿಸಿ ಗೋಡೆಗೆ ಅಂಟಿಸಿದರೆ ವಾಲಿದ್ದು ಎತ್ತ ಎಂದು ತಂಡಕ್ಕೆ ತಾನೇ ಕಾಣುತ್ತದೆ. ಹೆಂಗಸರು ಸ್ಟುಡಿಯೊಗೆ ಬರಲಿ ಎಂದು ಕಾಯುವುದಕ್ಕಿಂತ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಅವರ ಜಗಲಿಗೆ, ಉದ್ಯೋಗ ಖಾತ್ರಿ ಕೆಲಸದ ಬಿಡುವಿಗೆ, ಸ್ತ್ರೀಶಕ್ತಿ ಸಂಘದ ಸಭೆಗೆ ರೆಕಾರ್ಡರ್ ಒಯ್ಯುವುದು ಫಲ ಕೊಡುತ್ತದೆ.

ಕಿವಿಯಿಂದ ಕಲಿಯುವುದು

ರೇಡಿಯೊದಲ್ಲಿ ಪಾಠ ಎಂದರೆ ಪಠ್ಯಪುಸ್ತಕ ಓದುವುದು ಎಂದು ತಿಳಿದವರೇ ಹೆಚ್ಚು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಹಲವು ನಿಲಯಗಳು ಪಾಠ ಪ್ರಸಾರ ಮಾಡಿದವು. ಬರೇ ಓದಿಸಿದ ಪಾಠಕ್ಕೆ ಮಕ್ಕಳು ಹತ್ತು ನಿಮಿಷವೂ ಕೂರುವುದಿಲ್ಲ. ಕಿವಿಗೆ ಹಿಂತಿರುಗಿ ನೋಡುವ ಪುಟವಿಲ್ಲ. ಆದ್ದರಿಂದ ಒಂದು ಕಾರ್ಯಕ್ರಮಕ್ಕೆ ಒಂದೇ ವಿಷಯ, ಒಂದು ವಾಕ್ಯಕ್ಕೆ ಒಂದೇ ಅಂಕಿ. ಪ್ರಶ್ನೆ ಕೇಳಿ, ಮಗು ಗಟ್ಟಿಯಾಗಿ ಉತ್ತರ ಹೇಳಲು ಎಂಟು ಹತ್ತು ಸೆಕೆಂಡ್ ನಿಜವಾಗಿ ಸುಮ್ಮನಿರಬೇಕು, ಆಮೇಲೆ ಉತ್ತರ. ಪ್ರಸಾರ ಮಾಡುವವರಿಗೆ ಆ ಹತ್ತು ಸೆಕೆಂಡ್ ಭಯಂಕರ ಉದ್ದ ಎನಿಸುತ್ತದೆ. ಕೇಳುವ ಮಗುವಿಗೆ ಅದೇ ತನ್ನ ಸರದಿ.

ದೊಡ್ಡವರ ಕಲಿಕೆಗೂ ಇದೇ ದಾರಿ. ಸಾಲದ ಬಡ್ಡಿಯ ಒಂದು ಕಾರ್ಯಕ್ರಮ ನೋಡಿ. ಫೈನಾನ್ಸಿನವರು ಹತ್ತು ಸಾವಿರ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ಹನ್ನೆರಡು ಬಡ್ಡಿ ಎನ್ನುತ್ತಾರೆ, ತಿಂಗಳಿಗೆ 933 ರೂಪಾಯಿಯಂತೆ ಹನ್ನೆರಡು ಕಂತು. ಒಟ್ಟು ಬಡ್ಡಿ 1,200, ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಪೂರ್ತಿ ಹತ್ತು ಸಾವಿರ ಕೈಲಿದ್ದದ್ದು ಮೊದಲ ತಿಂಗಳು ಮಾತ್ರ. ಪ್ರತಿ ಕಂತಿಗೂ ಅಸಲು ಇಳಿಯುತ್ತಾ ಹೋಗಿ ಕೊನೆಯ ತಿಂಗಳು ಕೈಲಿರುವುದು ಸಾವಿರಕ್ಕಿಂತ ಕಡಿಮೆ. ಬಡ್ಡಿ ಮಾತ್ರ ಹತ್ತು ಸಾವಿರದ ಮೇಲೇ ನಡೆದಿದೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಬಡ್ಡಿ ನೂರಕ್ಕೆ ಇಪ್ಪತ್ತೊಂದು ದಾಟುತ್ತದೆ. ಇಷ್ಟನ್ನು ಒಂದೇ ಉಸಿರಿಗೆ ಹೇಳಿದರೆ ಯಾರಿಗೂ ಹಿಡಿಯುವುದಿಲ್ಲ. ಸಂಘದ ಇಬ್ಬರು ಹೆಂಗಸರು ತಮ್ಮ ಪಾಸ್‌ಬುಕ್ ಇಟ್ಟುಕೊಂಡು ತಿಂಗಳು ತಿಂಗಳಾಗಿ ಮಾತಾಡಿಕೊಳ್ಳುವಂತೆ ಮಾಡಿ, “ಈ ತಿಂಗ್ಳು ನಮ್ಮತ್ರ ಎಷ್ಟು ಉಳೀತಕ್ಕ?” ಎಂದು ಪ್ರತಿ ಹೆಜ್ಜೆಯಲ್ಲಿ ಕೇಳಿಸಿದರೆ ಇಪ್ಪತ್ತು ನಿಮಿಷದಲ್ಲಿ ಅರ್ಥವಾಗುತ್ತದೆ.

ಪ್ರಸಾರಕ್ಕೆ ಮುನ್ನ ಆ ರೆಕಾರ್ಡಿಂಗನ್ನು ಬೇರೊಂದು ಊರಿನ ಸಂಘದ ಸಭೆಯಲ್ಲಿ ಒಂದು ಸ್ಪೀಕರಿನಲ್ಲಿ ಕೇಳಿಸಿ, ಎಲ್ಲಿ ಜನ ಪಕ್ಕದವರೊಡನೆ ಮಾತಿಗೆ ತೊಡಗುತ್ತಾರೆ ನೋಡಿ. ಅಲ್ಲಿ ಕತ್ತರಿ ಬೇಕು. “ಚೆನ್ನಾಗಿತ್ತಾ?” ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. “ಏನು ಹೇಳಿದ್ರು?” ಎಂದು ಕೇಳಿ.

ಹಣ

ಪರಿಷ್ಕೃತ ನಿಯಮದಂತೆ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. ಸರ್ಕಾರಿ ಜಾಹೀರಾತಿನ ದರ 2024ರ ನಿಗದಿಯಂತೆ 10 ಸೆಕೆಂಡಿಗೆ 74 ರೂಪಾಯಿ. ಅರ್ಧ ನಿಮಿಷದ ಒಂದು ಪ್ರಕಟಣೆ 222 ರೂಪಾಯಿ. ದಿನಕ್ಕೆ ಹತ್ತು ಸಿಕ್ಕರೆ ತಿಂಗಳಿಗೆ 66,600. ಕಾಗದದ ಮೇಲೆ ನಾಲ್ಕು ಜನರ ಸಂಬಳ ಹೊರಟಂತೆ. ವಾಸ್ತವದಲ್ಲಿ ಹತ್ತು ಸಿಗುವ ತಿಂಗಳು ಅಪರೂಪ, ಸಿಕ್ಕಿದ್ದರ ಹಣ ಕೈಗೆ ಬರುವಾಗ ಎಷ್ಟೋ ತಿಂಗಳು ಕಳೆದಿರುತ್ತವೆ. ಊರಿನ ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಹಾಲಿನ ಡೇರಿ ಕೊಡುವ ಸಣ್ಣ ಮೊತ್ತವೇ ಹೆಚ್ಚು ನಂಬಿಕೆಯದು. ಗೊಬ್ಬರದಂಗಡಿಯ ಜಾಹೀರಾತಿಗೂ ಕೃಷಿ ಸಲಹೆಯ ಕಾರ್ಯಕ್ರಮಕ್ಕೂ ನಡುವೆ ಅರ್ಧ ಗಂಟೆಯಾದರೂ ಅಂತರವಿರಲಿ. ಸಲಹೆಯನ್ನು ಮಾರಿಕೊಂಡಿದ್ದಾರೆ ಎಂಬ ಅನುಮಾನ ಒಮ್ಮೆ ಹತ್ತಿದರೆ ಇಳಿಯುವುದಿಲ್ಲ.

ಫೋನಿನ ಕಾಲದಲ್ಲಿ

ಈಗಿನ ನಿಜವಾದ ತೊಡಕು ಕೇಳುವ ಸಾಧನದ್ದು. ಹಳೆಯ ಕೀಪ್ಯಾಡ್ ಫೋನುಗಳಲ್ಲಿ ಎಫ್‌ಎಂ ಇತ್ತು, ಹೆಡ್‌ಫೋನಿನ ತಂತಿಯೇ ಆಂಟೆನಾ ಆಗುತ್ತಿತ್ತು. ಹೊಸ ಫೋನುಗಳಲ್ಲಿ ಆ ಜ್ಯಾಕೇ ಮಾಯವಾಗುತ್ತಿದೆ, ಎಫ್‌ಎಂ ಸಹ. ಫೋನುಗಳಲ್ಲಿ ಎಫ್‌ಎಂ ಇರಲಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ನೀಡಿತು, ಅದು ಸಲಹೆಯಷ್ಟೇ. ಸದ್ಯಕ್ಕೆ ಸಂತೆಯಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಪೀಕರ್‌ಗಳು ಆಸರೆ, ಅವುಗಳಲ್ಲಿ ಬಹುಪಾಲಿಗೆ ಎಫ್‌ಎಂ ಇರುತ್ತದೆ. ಅಂಗನವಾಡಿ, ಹೋಟೆಲು, ಕ್ಷೌರದಂಗಡಿ, ಹಾಲಿನ ಡೇರಿಯಲ್ಲಿ ಇಂಥದೊಂದು ಇರಿಸಿ, ತರಂಗಾಂತರ ಹೊಂದಿಸಿ ಕೊಡುವುದು ನಿಲಯದ ಕೆಲಸವೇ.

ವಾಟ್ಸ್ಆ್ಯಪನ್ನು ಎದುರಾಳಿ ಎಂದು ನೋಡಬೇಕಾಗಿಲ್ಲ. ಅದು ಒಳಬಾಗಿಲು. ನಿಲಯದ ಒಂದು ನಂಬರಿಗೆ ಕೇಳುಗರು ಧ್ವನಿಸಂದೇಶ ಕಳಿಸಲಿ: ಪ್ರಶ್ನೆ, ಹಾಡು, ದೂರು. ಗಾಳಿಯ ಸದ್ದಿಲ್ಲದ ಕಡೆ ನಿಂತು, ಫೋನನ್ನು ಗೇಣು ದೂರ ಹಿಡಿದು, ಮೊದಲು ಹೆಸರು ಊರು ಹೇಳಿ, ಒಂದು ನಿಮಿಷದೊಳಗೆ ಮುಗಿಸಿ ಎಂದು ದಿನಾ ಹೇಳುತ್ತಿದ್ದರೆ ಒಂದೆರಡು ತಿಂಗಳಲ್ಲಿ ಪ್ರಸಾರಕ್ಕೆ ಯೋಗ್ಯವಾದವು ಬರತೊಡಗುತ್ತವೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬಂಥ ಫಾರ್ವರ್ಡ್ ಊರಿನಲ್ಲಿ ಹಬ್ಬಿದಾಗ ನಿಲಯ ಅದನ್ನು ಓದಿ ಹೇಳಬಾರದು, ಅಲ್ಲಗಳೆಯಲಿಕ್ಕಾಗಿ ಕೂಡ ಅದರ ಮಾತುಗಳನ್ನು ಮರುಕಳಿಸಬಾರದು. ಅರ್ಧ ಕೇಳಿದವರ ಕಿವಿಯಲ್ಲಿ ಗಾಳಿಮಾತೇ ಉಳಿಯುತ್ತದೆ. 2018ರಲ್ಲಿ ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಇಂಥ ವದಂತಿಗೆ ಜೀವಗಳು ಬಲಿಯಾದದ್ದನ್ನು ಮರೆಯುವಂತಿಲ್ಲ. ಠಾಣೆಗೆ ಫೋನು ಮಾಡಿ, ಪೊಲೀಸರು ಏನು ಹೇಳಿದರು ಎಂಬುದನ್ನು ಸಾರ್ವಜನಿಕ ಪ್ರಕಟಣೆಯಾಗಿ ಅವರ ದನಿಯಲ್ಲೇ ಕೇಳಿಸಿ, ಅರ್ಧ ಗಂಟೆಗೊಮ್ಮೆ. ಹತ್ತು ಕಿಲೋಮೀಟರಿನ ರೇಡಿಯೊಕ್ಕೆ ಇಲ್ಲಿ ದೊಡ್ಡ ಚಾನೆಲ್ಲುಗಳಿಗಿಲ್ಲದ ಬಲವಿದೆ: ಹೇಳುವವರ ಮನೆ ಎಲ್ಲಿ ಎಂದು ಕೇಳುವವರಿಗೆ ಗೊತ್ತು.

ಇನ್ನು ಕಾಪಾಡುವ ಮಾತು. ಮೂರು ತಿಂಗಳಾದ ಮೇಲೆ ಜಾಗ ಸಾಲದೆಂದು ಎಲ್ಲವನ್ನೂ ಅಳಿಸುವ ನಿಲಯಗಳಿವೆ. ಪ್ರಕಟಣೆ, ಜಾಹೀರಾತು ಅಳಿಯಲಿ. ಸೋಬಾನೆ ಪದ, ಬೀಸೋಕಲ್ಲಿನ ಪದ, ಗೀಗೀ ಮೇಳ, ಬೀಜದ, ಕೆರೆಯ, ಮದ್ದಿನ ಮಾತು ಅಳಿಯಬಾರದು; ಹಾಡಿದವರು ಹೋದ ಮೇಲೆ ಅವನ್ನು ಮತ್ತೆ ಮುದ್ರಿಸಲಾಗದು. ಇವುಗಳ ಮೂಲ ವೇವ್ (ದನಿಯನ್ನು ಕುಗ್ಗಿಸದ) ಕಡತವನ್ನೇ ಉಳಿಸಿ, ಎಂಪಿ3 ಸಾಲದು. ಮೋನೊದಲ್ಲಿ ನಿಮಿಷಕ್ಕೆ 5 ಎಂಬಿ, ನೂರು ಗಂಟೆಗೆ 30 ಜಿಬಿ ಆಗುತ್ತದೆ. ಎರಡು ಹಾರ್ಡ್‌ಡಿಸ್ಕ್ ಇರಲಿ, ಒಂದು ನಿಲಯದಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಹಾಡಿದವರಿಂದ ಪ್ರಸಾರಕ್ಕೂ ಸಂಗ್ರಹಕ್ಕೂ ಒಪ್ಪಿಗೆ ಬರೆಸಿಕೊಳ್ಳಿ. ಓದು ಬಾರದವರಾದರೆ ಒಪ್ಪಿಗೆಯನ್ನೂ ಅವರ ದನಿಯಲ್ಲೇ ಮುದ್ರಿಸಿ, ಹಾಡಿನ ಕಡತದ ಜೊತೆಗೇ ಇಡಿ. ಕಡತಕ್ಕೆ ‘ಹೊಸ ರೆಕಾರ್ಡಿಂಗ್ 17’ ಎಂದು ಹೆಸರಿಟ್ಟರೆ ಐದು ವರ್ಷದ ಮೇಲೆ ಅದು ಇದ್ದೂ ಇಲ್ಲದಂತೆ. ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಊರು, ಹಾಡಿದವರ ಹೆಸರು, ಹಾಡಿನ ಮೊದಲ ಸಾಲು, ಈ ಅನುಕ್ರಮದಲ್ಲಿ ರೆಕಾರ್ಡ್ ಮಾಡಿದ ದಿನವೇ ಹೆಸರಿಡಿ, ನಾಳೆಗೆ ಬಿಡಬೇಡಿ.